ನೀಲಕ್ಕನ ಕೈ

ಯರಗುಪ್ಪಿಯ ಆ ಓಣಿಯಲ್ಲಿ ಹತ್ತು ಮನೆಗಳಿವೆ. ಹತ್ತೂ ಮನೆಯಲ್ಲಿ ದಿನಾ ಬೆಳಗ್ಗೆ ಜೋಳದ ರೊಟ್ಟಿ ಬಡಿಯುತ್ತಾರೆ. ಹೊರಗಿನಿಂದ ಬಂದವರಿಗೆ ಎಲ್ಲ ಸದ್ದೂ ಒಂದೇ. ಓಣಿಯ ಹೆಂಗಸರಿಗೆ ಮಾತ್ರ ಹಾಗಲ್ಲ. ಯಾವ ಮನೆಯಲ್ಲಿ ಯಾರು ಒಲೆಯ ಮುಂದೆ ಕೂತಿದ್ದಾರೆಂದು ಗೋಡೆಯಾಚೆಯಿಂದಲೇ ಹೇಳಿಬಿಡುತ್ತಾರೆ. ಹಾಗಾಗಿ ಆ ದಿನ ಜಮೀಲಾಬಿ ಹಲ್ಲುಜ್ಜುತ್ತಿದ್ದವಳು ಬಾಯಲ್ಲಿ ಪುಡಿ ಇಟ್ಟುಕೊಂಡೇ ಬಾಜೂ ಮನೆಗೆ ಓಡಿಬಂದಳು. ಮೂರು ಬಡಿತ, ಒಂದು ತಿರುವು. ಮೂರು ಬಡಿತ, ಒಂದು ತಿರುವು. ಆ ಸದ್ದನ್ನು ಅವಳು ಕೇಳಿ ಆರು ವರ್ಷವಾಗಿತ್ತು.

"ನೀಲಕ್ಕಾ! ನೀನ ಏನ?"

"ನಾನ ಬೇ. ಬಾ, ಬಾಯಿ ತೊಳ್ಕೊಂಡು ಕುಂದ್ರು. ಬಿಸಿ ರೊಟ್ಟಿ ತಿನ್ನು."

ಜಮೀಲಾಬಿ ಕೂರಲಿಲ್ಲ. ನೀಲಕ್ಕನ ಹಿಟ್ಟು ಹತ್ತಿದ ಕೈಯನ್ನು ಹಿಡಿದು, ತಿರುಗಿಸಿ ಮುರುಗಿಸಿ ನೋಡಿದಳು. ಎರಡು ಬೆರಳು ಸೊಟ್ಟಗಿದ್ದವು, ಉಳಿದ ಮೂರು ನೆಟ್ಟಗೆ. ಆ ಕೈಯನ್ನು ಕಣ್ಣಿಗೊತ್ತಿಕೊಂಡು ಅವಳು ಅತ್ತೇ ಬಿಟ್ಟಳು. ಹಲ್ಲಿನ ಪುಡಿ, ಕಣ್ಣೀರು, ಜೋಳದ ಹಿಟ್ಟು ಎಲ್ಲ ಒಂದಾಗಿ ಅವಳ ಮುಖ ನೋಡುವ ಹಾಗಿತ್ತು.

ನೀಲಕ್ಕನಿಗೆ ಐವತ್ನಾಲ್ಕು. ಆರು ವರ್ಷದ ಹಿಂದೆ ಸಂಧಿವಾತ ಅವಳ ಬೆರಳ ಗೆಣ್ಣುಗಳಲ್ಲಿ ಬಂದು ಕೂತಿತು. ಗೆಣ್ಣು ಬಾತವು, ಬೆರಳು ಮಡಚಿದವು, ಕೊನೆಗೆ ಎರಡೂ ಕೈ ಮುಷ್ಟಿಯಾಗಿ ನಿಂತುಬಿಟ್ಟವು. ತಂಬಿಗೆ ಎತ್ತಲಾಗದು, ಕುಪ್ಪಸದ ಗುಂಡಿ ಹಾಕಲಾಗದು. ಸೊಸೆ ದಾನೇಶ್ವರಿ ಮೊದಲ ಸಲ ತುತ್ತು ಮಾಡಿ ಬಾಯಿಗಿಟ್ಟ ದಿನ ನೀಲಕ್ಕ ಸುಮ್ಮನೆ ಉಂಡಳು, ಆಮೇಲೆ ಗೋಡೆಗೆ ಮುಖ ಮಾಡಿ ಅತ್ತಳು. ಎಣ್ಣೆ, ಕಷಾಯ, ಗುಳಿಗೆ ಎಲ್ಲ ಆದ ಮೇಲೆ ಹುಬ್ಬಳ್ಳಿಯ ಡಾಕ್ಟರೊಬ್ಬರು ನಾನಾ ನಮೂನೆಯ ಪರೀಕ್ಷೆ ಮಾಡಿಸಿ ಹದಿನೈದು ದಿನಕ್ಕೊಂದು ಇಂಜೆಕ್ಷನ್ ಶುರು ಮಾಡಿದರು. ಪೆನ್ನಿನಷ್ಟುದ್ದದ್ದು. ಫ್ರಿಜ್ಜಿನಲ್ಲಿ ಮೊಸರಿನ ಬಾಜೂ ಇಡುವುದು, ಅರ್ಧ ತಾಸು ಮೊದಲು ಹೊರಗೆ ತೆಗೆಯುವುದು, ತೊಡೆಗೆ ಚುಚ್ಚುವುದು. ಚುಚ್ಚುವುದನ್ನು ದಾನೇಶ್ವರಿ ಕಲಿತಳು. ಐದನೆಯದಾದ ಮೂರು ದಿನಕ್ಕೆ ನೀಲಕ್ಕನ ಹೆಬ್ಬೆರಳು ತಾನಾಗಿ ಎದ್ದು ನಿಂತಿತು. ಆ ವಾರವೆಲ್ಲ ಮನೆಯವರು ಬೇರೆ ಕೆಲಸ ಬಿಟ್ಟು ಅವಳ ಬೆರಳು ನೋಡುತ್ತ ಕೂತಿದ್ದರು.

"ನಿಮ್ಮ ಮೈ ಕಾಯೋ ನಾಯಿಗೆ ತಲಿ ಕೆಟ್ಟೈತಿ," ಎಂದು ಡಾಕ್ಟರ್ ಮೊದಲ ದಿನವೇ ಹೇಳಿದ್ದರು. "ಕಳ್ಳರನ್ನ ಬಿಟ್ಟು ಮನಿಯವರನ್ನ ಕಡಿಯಾಕತ್ತೈತಿ. ಈ ಇಂಜೆಕ್ಷನ್ ಅದನ್ನ ಕಟ್ಟಿ ಹಾಕ್ತೈತಿ. ಕೈ ಬಿಚ್ಚತಾವು. ಆದ್ರ ಖರೇ ಕಳ್ಳ ಬಂದಾಗೂ ಅದು ಏಳಂಗಿಲ್ಲ. ಸಣ್ಣ ಸೋಂಕು ನಿಮಗ ಸಣ್ಣದಲ್ಲ. ಜ್ವರ, ಕೆಮ್ಮು, ಗಾಯ, ಏನ ಇದ್ರೂ ಮೊದಲ ನನಗ ಫೋನ್ ಮಾಡ್ರಿ, ಇಂಜೆಕ್ಷನ್ ಆಮ್ಯಾಲೆ."

"ಹಂಗಾರ ಬೊಗಳವ್ರು ಯಾರ್ರೀ?" ಎಂದು ನೀಲಕ್ಕನ ಗಂಡ ಮಡಿವಾಳೆಪ್ಪ ಕೇಳಿದ.

ಡಾಕ್ಟರ್ ದಾನೇಶ್ವರಿಯ ಕಡೆ ಕೈ ತೋರಿಸಿದರು. "ಇವ್ರು."

ದಾನೇಶ್ವರಿ ಯಾವ ಕೆಲಸವನ್ನೂ ಅರ್ಧ ಮಾಡುವವಳಲ್ಲ. ಆರನೆಯ ತರಗತಿಯ ಮಗಳು ಅಮೃತಾಳಿಂದ ದುಂಡಗಿನ ಅಕ್ಷರದಲ್ಲಿ ನಿಯಮಗಳನ್ನು ಬರೆಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಕಾಸದ ಹಾಲು ಇಲ್ಲ. ಕೆಮ್ಮುವವರ ಹತ್ತಿರ ಕೂರುವುದಿಲ್ಲ. ಬರಿಗೈಯಲ್ಲಿ ಸಗಣಿ ಬಳಿಯುವುದಿಲ್ಲ. ದನದ ಬಾಣಂತನಕ್ಕೆ ಹೋಗುವುದಿಲ್ಲ. ಕೊನೆಯದನ್ನು ಡಾಕ್ಟರ್ ಹೇಳಿರಲಿಲ್ಲ; ಅತ್ತೆಯನ್ನು ಬಲ್ಲ ದಾನೇಶ್ವರಿಯೇ ಸೇರಿಸಿದ್ದಳು.

ನಿಯಮಗಳು ಮನೆಯ ಶಾಂತಿಯನ್ನು ತಿಂದವು. ಮಡಿವಾಳೆಪ್ಪ ಹಿಂಡಿದ ಕೂಡಲೇ ಎಮ್ಮೆಯ ನೊರೆಹಾಲು ಕುಡಿಯುವವನು, ಹೆಂಡತಿಗೂ ಒಂದು ಲೋಟ ಕೊಡುವವನು. ಸೊಸೆ ಲೋಟವನ್ನು ಅವನ ಕೈಯಿಂದಲೇ ಕಸಿದುಕೊಂಡು ಒಲೆಯ ಮೇಲಿಟ್ಟಳು. ಮುಂದಿನ ವಾರ ಅವನ ಅಣ್ಣನ ಮಗ ಈರಪ್ಪ ಬಂದ. ಅವನನ್ನು ಒಳಗೆ ಕರೆಯದೆ ಕಟ್ಟೆಯ ಮೇಲೇ ಕೂರಿಸಿ ಚಹಾ ಕೊಟ್ಟಳು. ಅವತ್ತು ಊಟದ ಹೊತ್ತಿಗೆ ಮಾವನ ಸಿಟ್ಟು ನೆತ್ತಿಗೇರಿತ್ತು.

"ಅಂವ ನನ್ನ ರಕ್ತ. ಭಿಕ್ಷಾ ಬೇಡಾಕ ಬಂದಿದ್ನೇನು, ಹೊರಗ ಕುಂದ್ರಸಾಕ?"

"ಕೆಮ್ಮಾಕತ್ತಿದ್ರು ಮಾವಾರ."

"ಮನಷ್ಯಾ ಅಂದ್ಮ್ಯಾಲೆ ಕೆಮ್ಮತಾನ!"

"ಕೆಮ್ಮಲಿ ಬಿಡ್ರಿ. ಕಟ್ಟೀ ಮ್ಯಾಲೆ ಕೆಮ್ಮಲಿ."

ಮಗ ಸಂಗನಬಸವ ತಲೆ ಎತ್ತದೆ ಉಣ್ಣುತ್ತಿದ್ದ. ಅವನು ಕುಂದಗೋಳದಲ್ಲಿ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಗಿರಾಕಿಗಳ ಜೊತೆ ದಿನವಿಡೀ ಮಾತಾಡಿ ಮನೆಗೆ ಬಂದವನು ಇಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅವನ ಬುದ್ಧಿವಂತಿಕೆಯೆಲ್ಲ ಅದರಲ್ಲೇ ಇತ್ತು.

"ಸಾಕು ಬಿಡ್ರಿ," ಎಂದು ನೀಲಕ್ಕ ಗಂಡನ ತಾಟಿಗೆ ರೊಟ್ಟಿ ಹಾಕಿದಳು. "ಈ ರೊಟ್ಟಿ ಬೇಕಂದ್ರ ಆಕೀ ಮಾತೂ ಬೇಕು."

ಹಾಗೆಂದವಳೇ ಎರಡು ವಾರಕ್ಕೆ ನಿಯಮ ಮುರಿದಳು. ಯಾಕೆಂದು ತಿಳಿಯಬೇಕಾದರೆ ಆ ಕೈಯ ಹಿಂದಿನ ಕಥೆ ಗೊತ್ತಿರಬೇಕು.

ನೀಲಕ್ಕನ ಕೈ ಸಣ್ಣದು, ಬಳೆಗಾರ ಹುಡುಗಿಯರ ಅಳತೆಯ ಬಳೆ ತೊಡಿಸುತ್ತಿದ್ದ. ಎಮ್ಮೆ ಈಯಲಾರದೆ ಒದ್ದಾಡುವಾಗ ಆ ಕೈ ಒಳಗೆ ಹೋಗಿ, ಕರುವಿನ ಕಾಲು ಎಲ್ಲಿ, ತಲೆ ಎಲ್ಲಿ ಎಂದು ಹುಡುಕಿ, ಸರಿಮಾಡಿ ಹೊರಗೆ ತರುತ್ತಿತ್ತು. ಊರಿನ ಎಷ್ಟೋ ಕರುಗಳನ್ನು ಈ ಲೋಕದಲ್ಲಿ ಮೊದಲು ಮುಟ್ಟಿದ್ದು ಆ ಕೈಯೇ. ದನದ ಡಾಕ್ಟರ್ ಕೂಡ, ದೂರವಿದ್ದರೆ, "ನಾ ಬರೂತನಕಾ ನೀಲಕ್ಕನ್ನ ಕರೀರಿ" ಎನ್ನುತ್ತಿದ್ದರು. ಕೈ ಮುಚ್ಚಿದ ಮೇಲೆ ಓಣಿಯಲ್ಲಿ ಎಮ್ಮೆ ನರಳುವ ಸದ್ದು ಕೇಳಿದಾಗಲೆಲ್ಲ ನೀಲಕ್ಕ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಮುಷ್ಟಿಯಿಂದ ಕಿವಿಯೂ ಸರಿಯಾಗಿ ಮುಚ್ಚುತ್ತಿರಲಿಲ್ಲ.

ಆ ಮಧ್ಯಾಹ್ನ ದಾನೇಶ್ವರಿ ಮಗಳಿಗೆ ಶಾಲೆಯ ಬೂಟು ಕೊಳ್ಳಲು ಕುಂದಗೋಳಕ್ಕೆ ಹೋಗಿದ್ದಳು. ಜಮೀಲಾಬಿ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಕರೆಯಲಿಲ್ಲ, ಸುಮ್ಮನೆ ನಿಂತಳು. ಹಿಂದಿನಿಂದ ಅವಳ ಎಮ್ಮೆಯ ನರಳಾಟ ಕೇಳುತ್ತಿತ್ತು.

"ದನದ ಡಾಕ್ಟರಿಗೆ ಫೋನ್ ಮಾಡಿದೇನ?"

"ಮಾಡೀನಿ. ಬೆನಕನಹಳ್ಳ್ಯಾಗ ಅದಾರಂತ. ಒಂದು ಕಾಲು ಹೊರಗ ಬಂದೈತಿ ನೀಲಕ್ಕಾ, ಒಂದು ಒಳಗ ಮಡಚೈತಿ. ನಾನೂ ಕೈ ಹಾಕಿ ನೋಡಿದೆ. ನನಗ ತಿಳೀವಲ್ದು. ನೀ ಬರಬ್ಯಾಡ. ನಿನ್ನ ಸೊಸಿ ನನ್ನ ಕೊಂದ ಹಾಕ್ತಾಳ."

ನೀಲಕ್ಕ ತನ್ನ ಕೈ ನೋಡಿಕೊಂಡಳು. ಬೆಳಗ್ಗೆ ಹಂಚು ತಾಗಿ ಸುಟ್ಟ ಗಾಯವಿತ್ತು, ಅದೂ ಕಂಡಿತು. ಆದರೂ ಬಳೆಗಳನ್ನು ಬಿಚ್ಚಿ ಗೋಡೆಯ ಮಾಡಿನಲ್ಲಿಟ್ಟು ಹೊರಟಳು. ಆರು ವರ್ಷ ಹೋಗಿದ್ದ ಕೈ ಬಂದದ್ದು ರೊಟ್ಟಿಗಷ್ಟೇ ಎಂದು ಅವಳು ನಂಬಲಾರದವಳಾಗಿದ್ದಳು.

ಕಾಲು ತಾಸಿನೊಳಗೆ ಕರು ಹೊರಗೆ ಬಂತು, ಬಡಕಲು ಹೆಣ್ಣುಗರು. ಕರುವಿನ ಹಿಂದೆ ಬೀಳಬೇಕಾದ ಮಾಸು ಬೀಳಲಿಲ್ಲ; ಅದನ್ನೂ ನೀಲಕ್ಕ ಕೈಯಿಂದಲೇ ಬಿಡಿಸಿದಳು. ಕರು ಮೂರು ಸಲ ಬಿದ್ದು ನಾಲ್ಕನೆಯ ಸಲ ನಿಂತಿತು. ಮೊಣಕೈವರೆಗೆ ನೆತ್ತರಾಗಿ ನಿಂತ ನೀಲಕ್ಕ ಅವತ್ತು ತನ್ನ ಮದುವೆಯಲ್ಲೂ ನಕ್ಕಿರದ ಹಾಗೆ ನಕ್ಕಳು. ಆಮೇಲೆ ಸಾಬೂನಿನಿಂದ ಎರಡು ಸಲ ಕೈ ತೊಳೆದು, ಬಳೆ ತೊಟ್ಟು, ಏನೂ ಆಗದವಳಂತೆ ಕಾಳು ಆರಿಸುತ್ತ ಕೂತಳು. ಓಣಿಯವರೆಲ್ಲ ನೋಡಿದ್ದರು, ಯಾರೊಬ್ಬರೂ ದಾನೇಶ್ವರಿಗೆ ಹೇಳಲಿಲ್ಲ. ಅದು ಅವರ ಪ್ರೀತಿಯೇ, ಆದರೆ ಎಂಥ ತಪ್ಪು ಪ್ರೀತಿ!

ಮೂರು ವಾರ ಕಳೆಯಿತು. ಸಂಜೆಯಾಗುತ್ತಲೇ ನೀಲಕ್ಕನ ಮೈ ಬೆಚ್ಚಗಾಗತೊಡಗಿತು. ಸೊಂಟ ನೋಯುತ್ತಿತ್ತು, ಸೀರೆ ಬೆವರಿನಿಂದ ಒದ್ದೆಯಾಗುತ್ತಿತ್ತು. ಅವಳು ಅಂಗಡಿಯಿಂದ ಜ್ವರದ ಗುಳಿಗೆ ತರಿಸಿ ಕಡಲೆಬೇಳೆಯ ಡಬ್ಬಿಯಲ್ಲಿ ಬಚ್ಚಿಟ್ಟಳು. ಗುಳಿಗೆ ನುಂಗಿದರೆ ಜ್ವರ ಇಳಿಯುತ್ತಿತ್ತು, ಮರುದಿನ ಮತ್ತೆ ಬರುತ್ತಿತ್ತು. ಇಂಜೆಕ್ಷನ್ನಿನ ದಿನ ದಾನೇಶ್ವರಿ ಎಂದಿನಂತೆ ಕೇಳಿದಳು.

"ಅತ್ತೀ, ಜ್ವರ?"

"ಇಲ್ಲ."

"ಕೆಮ್ಮು? ಗಾಯ?"

"ಇಲ್ಲವ್ವಾ. ಚುಚ್ಚು ನೀನು."

ದಾನೇಶ್ವರಿ ಚುಚ್ಚಿದಳು. ನೀಲಕ್ಕನಿಗೆ ಮನಸ್ಸು ಚುರುಕ್ ಎಂದಿತು. ಆದರೆ ಜ್ವರವೆಂದರೆ ಇಂಜೆಕ್ಷನ್ ನಿಲ್ಲುತ್ತದೆ, ಇಂಜೆಕ್ಷನ್ ನಿಂತರೆ ಕೈ ಮುಚ್ಚುತ್ತದೆ. ಮತ್ತೆ ಸೊಸೆಯ ಕೈಯ ತುತ್ತಿಗೆ ಬಾಯಿ ತೆರೆಯುವುದಕ್ಕಿಂತ ಸಾಯುವುದೇ ವಾಸಿ ಎಂದು ಅವಳು ಅಂದುಕೊಂಡಿದ್ದಳು. ಸಾವು ನಿಜವಾಗಿಯೂ ಹಿತ್ತಲಿಗೆ ಬಂದಿತ್ತೆಂದು ಅವಳಿಗೆ ಗೊತ್ತಿರಲಿಲ್ಲ.

ಸಿಕ್ಕಿಬಿದ್ದದ್ದು ಅಮೃತಾಳಿಂದ. ಕೈ ಬಂದಾಗಿನಿಂದ ಮೊಮ್ಮಗಳಿಗೆ ಹೆರಳು ಹಾಕುವ ಹಕ್ಕನ್ನು ನೀಲಕ್ಕ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಒಂದು ಬೆಳಗ್ಗೆ ಹುಡುಗಿ ಕುತ್ತಿಗೆ ಕೊಸರಿದಳು.

"ಆಯಿ, ನಿನ್ನ ಕೈ ಹಂಚಿನಂಗ ಸುಡಾಕತ್ತಾವು."

"ಒಲಿ ಮುಂದ ಕುಂತಿದ್ದೆ."

"ಇವತ್ತ ಅವ್ವ ರೊಟ್ಟಿ ಮಾಡ್ಯಾಳ. ನೀ ಒಲಿ ಮುಂದ ಎಲ್ಲಿ ಕುಂತಿದ್ದಿ?"

ಅರ್ಧ ಹೆಣೆದ ಹೆರಳಿನಲ್ಲೇ ಎದ್ದು ಹೋಗಿ ಥರ್ಮಾಮೀಟರ್ ತಂದಳು. ನೂರಾ ಎರಡು. ಆಮೇಲೆ ದಾನೇಶ್ವರಿ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ಸುರುವಿದಳು. ಬೇಳೆಯ ಜೊತೆ ಖಾಲಿಯಾದ ಗುಳಿಗೆಯ ಹಾಳೆಗಳು ಬಿದ್ದವು, ನಾಲ್ಕು.

"ಎಷ್ಟು ದಿನದಿಂದ್ರಿ?"

ನೀಲಕ್ಕ ನೆಲದ ಮೇಲಿನ ಬೇಳೆ ಬಳಿಯತೊಡಗಿದಳು.

"ನಾ ಕೇಳಿದ್ನಿಲ್ರಿ? ಮುಖಾ ನೋಡಿ ಕೇಳಿದ್ನಿಲ್ಲ? ಜ್ವರ ಇದ್ದಾಗ ನನ್ನ ಕೈಲೇ ಚುಚ್ಚಿಸ್ಕೊಂಡ್ರಿ. ನಾಳಿ ನಿಮಗ ಏನರ ಆಗಿದ್ರ, ಯಾರ ಕೈಲೇ ಆಗ್ತಿತ್ತು? ನನ್ನ ಕೈಲೇ!" ಅವಳು ಖಾಲಿ ಹಾಳೆಗಳನ್ನು ಅತ್ತೆಯ ಮುಂದೆ ಹಿಡಿದಳು. "ನಿಮಗ ನಿಮ್ಮ ಕೈ ಅಷ್ಟ ಕೈ ಏನ್ರಿ?"

"ಸಣ್ಣ ಜ್ವರಕ್ಕ ಇಷ್ಟ್ಯಾಕ ಒದರ್ತೀ?" ಎಂದು ಮಡಿವಾಳೆಪ್ಪ ಬಾಯಿ ಹಾಕಿದ.

"ಅಪ್ಪಾ, ನೀ ಸುಮ್ನಿರು," ಎಂದ ಸಂಗನಬಸವ. ವರ್ಷಗಳಲ್ಲಿ ಮೊದಲ ಸಲ ತಲೆ ಎತ್ತಿದ್ದ. ಮಡಿವಾಳೆಪ್ಪ ಬೆರಗಾಗಿ ನಿಜವಾಗಿಯೂ ಸುಮ್ಮನಾದ.

ಗದ್ದಲ ಕೇಳಿ ಜಮೀಲಾಬಿ ಬಂದಳು. ಹೊಸ್ತಿಲ ಹೊರಗೇ ನಿಂತು ಎಲ್ಲ ಹೇಳಿದಳು: ಎಮ್ಮೆ, ಕರು, ಮಾಸು. "ಹ್ವಾದ ವರ್ಷ ಅದು ಕಂದು ಹಾಕಿತ್ತು ದಾನವ್ವಾ. ಅದನ್ನೂ ನಾ ಯಾರಿಗೂ ಹೇಳಲಿಲ್ಲ. ತಪ್ಪು ನಂದು."

ಹುಬ್ಬಳ್ಳಿಯ ಡಾಕ್ಟರ್ ಎಮ್ಮೆಯ ಮಾತು ಕೇಳಿದ ಕೂಡಲೇ ಪೆನ್ನು ಕೆಳಗಿಟ್ಟರು. ರಕ್ತ ಪರೀಕ್ಷೆ ಮಾಡಿಸಿದರು. ದಿನ ತುಂಬುವ ಮೊದಲೇ ಎಮ್ಮೆ ಕಂದು ಹಾಕುವ ಬ್ರುಸೆಲ್ಲಾ ರೋಗವೇ ನೀಲಕ್ಕನ ಮೈಗೂ ಬಂದಿತ್ತು, ಬೆನ್ನುಮೂಳೆಯವರೆಗೆ ಇಳಿದಿತ್ತು. ಜೊತೆಗೆ ಬಂದಿದ್ದ ಜಮೀಲಾಬಿಯ ರಕ್ತವನ್ನೂ ನೋಡಿದರು. ಅದೇ ರೋಗಾಣು ಅವಳ ಮೈಗೂ ಹೊಕ್ಕ ಗುರುತಿತ್ತು. ಆದರೆ ಅವಳಿಗೆ ಒಂದು ದಿನದ ಮೈಕೈ ನೋವು ಬಿಟ್ಟರೆ ಏನೂ ಆಗಿರಲಿಲ್ಲ.

"ಅದ ಎಮ್ಮಿ, ಅದ ದಿನ, ಇಬ್ರ ಕೈನೂ," ಎಂದರು ಡಾಕ್ಟರ್. "ಈಕಿ ನಾಯಿ ಬಿಚ್ಚೈತಿ, ಓಡಿಸಿಬಿಟ್ಟೈತಿ. ನಿಮ್ಮ ನಾಯಿ ನಾವು ಕಟ್ಟೇವಿ."

ಜಮೀಲಾಬಿ ತನ್ನ ತೋಳನ್ನು ತಾನೇ ಸವರಿ ನೋಡಿಕೊಂಡಳು. ತನ್ನೊಳಗೆ ಒಂದು ಯುದ್ಧ ನಡೆದು, ಗೆದ್ದು, ಮುಗಿದೂ ಹೋಗಿತ್ತು. ತಾನು ಆ ಹೊತ್ತಿನಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದೆನೋ, ನಿದ್ದೆ ಮಾಡುತ್ತಿದ್ದೆನೋ! ಮೈಯೆಂಬುದು ಹೇಳದೆ ಕೇಳದೆ ಇಷ್ಟೆಲ್ಲ ಮಾಡುತ್ತದೆಂದು ಅವಳಿಗೆ ಭಯವೂ ಆಯಿತು, ಕೈ ಮುಗಿಯಬೇಕೆಂದೂ ಅನಿಸಿತು.

ಇಂಜೆಕ್ಷನ್ ನಿಂತಿತು. ಮೂರು ತಿಂಗಳು ಗುಳಿಗೆ. "ನನ್ನ ಕೈ?" ಎಂದು ನೀಲಕ್ಕ ಕೇಳಿದ್ದಳು. "ಮೊದಲ ಜೀವ. ಕೈ ಆಮ್ಯಾಲೆ ನೋಡೂಣು," ಎಂದಿದ್ದರು ಡಾಕ್ಟರ್.

ಮೂರನೆಯ ವಾರಕ್ಕೆ ಜ್ವರ ಬಿಟ್ಟಿತು. ಐದನೆಯ ವಾರಕ್ಕೆ ಗೆಣ್ಣುಗಳು ಬಾತವು. ಮೊದಲು ರೊಟ್ಟಿ ಹೋಯಿತು, ಆಮೇಲೆ ಹೆರಳು, ಆಮೇಲೆ ಕುಪ್ಪಸದ ಗುಂಡಿ. ಫ್ರಿಜ್ಜಿನಲ್ಲಿ ಮೊಸರಿನ ಬಾಜೂ ಎರಡು ಇಂಜೆಕ್ಷನ್ ಹಾಗೇ ಇದ್ದವು. ಯಾರೂ ಇಲ್ಲದಾಗ ನೀಲಕ್ಕ ಮೊಣಕೈಯಿಂದ ಬಾಗಿಲು ತೆರೆದು ಅವುಗಳನ್ನು ನೋಡುತ್ತಿದ್ದಳು. ಎರಡು ಬೆರಳುದ್ದದ ಗಾಜಿನಲ್ಲಿ ತನ್ನ ಕೈಗಳೇ ಕೂತಿವೆ ಎನಿಸುತ್ತಿತ್ತು. ಮುಟ್ಟುತ್ತಿರಲಿಲ್ಲ. ಬಾಗಿಲು ಮುಚ್ಚಿ ಬರುತ್ತಿದ್ದಳು.

ದಾನೇಶ್ವರಿ ಗುಳಿಗೆ ಕೊಟ್ಟಳು, ತುತ್ತು ಮಾಡಿ ಉಣಿಸಿದಳು, ತಲೆ ಬಾಚಿದಳು. ಮಾತು ಮಾತ್ರ ಬೇಕಾದಷ್ಟೇ. "ಗುಳಿಗಿ." "ನೀರು." "ಕೈ ಎತ್ರಿ." ಆ 'ರೀ' ಒಂದು ಉಳಿದಿತ್ತು, ಉಳಿದದ್ದೆಲ್ಲ ಹೋಗಿತ್ತು. ನೀಲಕ್ಕನಿಗೆ ಕೈ ಮುಚ್ಚಿದ್ದಕ್ಕಿಂತ ಇದು ಹೆಚ್ಚು ಉರಿಯಿತು.

ದನದ ಡಾಕ್ಟರ್ ಬಂದು ಓಣಿಯ ಎಮ್ಮೆಗಳದೆಲ್ಲ ರಕ್ತ ನೋಡಿದರು. ನೀಲಕ್ಕನ ಮನೆಯ ಎಮ್ಮೆಗೆ ಏನೂ ಇರಲಿಲ್ಲ. ಅದು ತುಂಬಿದ ಗಬ್ಬ. "ಏನ ಇರಲಿ, ಯಾರೂ ಬರಿಗೈ ಹಾಕಬ್ಯಾಡ್ರಿ," ಎಂದು ಭುಜದವರೆಗೆ ಬರುವ ಪ್ಲಾಸ್ಟಿಕ್ ಕೈಗವಸು ಕೊಟ್ಟು ಹೋದರು.

ಏಳನೆಯ ವಾರದ ಒಂದು ಮುಂಜಾನೆ ಎಮ್ಮೆಗೆ ಈಯುವ ಬೇನೆ ಶುರುವಾಯಿತು. ಎರಡು ತಾಸಾದರೂ ಒಂದೇ ಗೊರಸು ಹೊರಗೆ ಬಂದಿತ್ತು. ದನದ ಡಾಕ್ಟರ್ ಫೋನಿನಲ್ಲಿ, "ಅಣ್ಣಿಗೇರಿಯಿಂದ ಹೊಂಟೇನಿ, ತಾಸೊಪ್ಪತ್ತು ಬೇಕು" ಎಂದರು. ಸಂಗನಬಸವ ಕೈಗವಸು ಹಾಕಿ ನೋಡಿದ. ಅವನ ಕೈ ಮೊರದಷ್ಟಗಲ, ಒಳಗೆ ಹೋಗಲಿಲ್ಲ. ಎಮ್ಮೆ ಕಣ್ಣು ತೇಲಿಸಿತು.

ಹತ್ತು ಹೆಜ್ಜೆ ದೂರದ ಕಟ್ಟೆಯ ಮೇಲೆ ಮಾಸ್ಕ್ ಹಾಕಿಕೊಂಡು ನೀಲಕ್ಕ ಕೂತಿದ್ದಳು. ಎರಡೂ ಮುಷ್ಟಿ ಮಡಿಲಲ್ಲಿದ್ದವು. ಏಳಲಿಲ್ಲ.

"ದಾನವ್ವಾ," ಎಂದಳು. "ನಿನ್ನ ಕೈ ಸಣ್ಣದೈತಿ."

ದಾನೇಶ್ವರಿ ಅತ್ತೆಯನ್ನು ನೋಡಿದಳು. ಸೊಸೆ ಹೆರಿಗೆಯೆಂದರೆ ಬಾಗಿಲು ಹಾಕಿಕೊಂಡು ಒಳಗೆ ಕೂರುವವಳು, ನೆತ್ತರೆಂದರೆ ಹೇಸುವವಳು. ಬಳೆ ಬಿಚ್ಚಿ ಅಮೃತಾಳ ಕೈಗೆ ಕೊಟ್ಟಳು, ಮಾಸ್ಕ್ ಏರಿಸಿದಳು, ಕೈಗವಸು ತೊಟ್ಟಳು.

"ಎಣ್ಣಿ ಹಚ್ಚು. ಬೆರಳು ಕೂಡಿಸ್ಕೋ. ಅದು ತಿಣಕಿದಾಗ ನಿಂದರು, ಬಿಟ್ಟಾಗ ಮುಂದ ಹೋಗು. ಅವಸರ ಮಾಡಬ್ಯಾಡ."

"ಏನೂ ತಿಳೀವಲ್ದ್ರಿ. ಎಲ್ಲಾ ಒಂದ ನಮೂನಿ ಐತಿ."

"ಕಣ್ಣು ಮುಚ್ಚು. ಮೂಗು ಸಿಕ್ತನ? ಅದರ ಕೆಳಗ ಬಾಯಿ."

ದಾನೇಶ್ವರಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತು ಹೋಯಿತು. ಒಮ್ಮೆಲೇ ಕೂಗಿದಳು.

"ಅತ್ತೀ! ಚೀಪಾಕತ್ತೈತ್ರಿ. ನನ್ನ ಬಟ್ಟು ಚೀಪಾಕತ್ತೈತಿ!"

ಇನ್ನೂ ಹುಟ್ಟದ ಜೀವ, ಬೆಳಕು ಕಾಣದ ಜೀವ, ಕತ್ತಲಲ್ಲಿ ಸಿಕ್ಕ ಬೆರಳನ್ನು ತಾಯಿಯ ಮೊಲೆಯೆಂದು ಹಿಡಿದು ಜಗ್ಗುತ್ತಿತ್ತು. ದಾನೇಶ್ವರಿಯ ಮೈಯೆಲ್ಲ ಜುಮ್ಮೆಂದಿತು. ಹೇಸಿಗೆ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

"ಹಂಗಾರ ಜೀವಂತ ಐತಿ," ಎಂದಳು ನೀಲಕ್ಕ. "ಇನ್ನ ಕುತ್ತಿಗಿ ಬಾಜು ಇಳಿ. ಮಡಚಿದ ಮೊಣಕಾಲು ಸಿಗ್ತೈತಿ. ಕರೂನ ಒಂಚೂರು ಹಿಂದ ನೂಕು. ಗೊರಸು ನಿನ್ನ ಅಂಗೈಯಾಗ ಮುಚ್ಚಿ ಹಿಡಿ, ತಾಯಿಗೆ ತಾಗಬಾರದು. ಈಗ ನಿನ್ನ ಕಡೆ ತಾ. ಸಾವಕಾಶ."

ಹೇಳುತ್ತ ಹೇಳುತ್ತ ನೀಲಕ್ಕನ ಮುಷ್ಟಿಗಳು ಮಡಿಲಲ್ಲೇ ಹೊರಳುತ್ತಿದ್ದವು. ಅಮೃತಾ ಒಮ್ಮೆ ಆಯಿಯನ್ನು, ಒಮ್ಮೆ ಅವ್ವನನ್ನು ನೋಡಿದಳು. ಇಬ್ಬರ ತೋಳೂ ಒಂದೇ ಹೊತ್ತಿಗೆ ಒಂದೇ ಕಡೆ ತಿರುಗುತ್ತಿದ್ದವು. ಎರಡನೆಯ ಗೊರಸು ಹೊರಗೆ ಬಂತು. ಸಂಗನಬಸವ ಜಗ್ಗಿದ. ಕರು ಜಾರಿ ಹುಲ್ಲಿನ ಮೇಲೆ ಬಿತ್ತು, ಸೀನಿತು, ತಲೆ ಕೊಡವಿತು. ಗೋಡೆಯಾಚೆಯಿಂದ ನೋಡುತ್ತಿದ್ದ ಜಮೀಲಾಬಿ "ಯಾ ಅಲ್ಲಾ" ಎಂದಳು. ಮಡಿವಾಳೆಪ್ಪ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ, ಅವನಿಗೆ ಯಾಕೆಂದು ಗೊತ್ತಿರಲಿಲ್ಲ.

ದಾನೇಶ್ವರಿ ಕೈಗವಸು ಕಳಚಿ ಸುಡಲು ಒಂದು ಕಡೆ ಹಾಕಿ, ಸಾಬೂನಿನಿಂದ ತೊಳೆದು, ಸ್ನಾನ ಮಾಡಿ, ಬೇರೆ ಸೀರೆ ಉಟ್ಟು ಬಂದು ಅತ್ತೆಯ ಪಕ್ಕ ಕೂತಳು. ಎಷ್ಟೋ ಹೊತ್ತು ತನ್ನ ತೋರುಬೆರಳನ್ನೇ ನೋಡುತ್ತಿದ್ದಳು.

"ಇನ್ನೂ ಚೀಪಿದಂಗ ಆಗಾಕತ್ತೈತ್ರಿ."

"ಆಗ್ತೈತಿ. ವಾರಗಟ್ಟಲೆ ಆಗ್ತೈತಿ."

"ನಿಮಗೂ ಆಗ್ತಿತ್ತೇನ್ರಿ?"

"ಹುಂ. ಮೂವತ್ತು ವರ್ಷ. ಯಾರಿಗೂ ಹೇಳಿದ್ದಿಲ್ಲ. ಏನಂತ ಹೇಳೂದು?"

ದಾನೇಶ್ವರಿ ತಲೆ ತಗ್ಗಿಸಿದಳು. "ನೀವ್ಯಾಕ ಆವತ್ತು ಹ್ವಾದ್ರಿ ಅಂತ ನನಗ ಗೊತ್ತಾತ್ರಿ," ಎಂದಳು. "ಆದ್ರೂ ಸಿಟ್ಟು ಹೋಗಿಲ್ಲ."

"ಹೋಗೂದು ಬ್ಯಾಡ. ಇಟಗೋ." ನೀಲಕ್ಕ ತನ್ನ ಬಲ ಮುಷ್ಟಿಯನ್ನು ಎತ್ತಿ ಸೊಸೆಯ ಬಿಚ್ಚಿದ ಅಂಗೈಯ ಮೇಲಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು:

"ದಾನವ್ವಾ, ಮೈ ಒಂದೀಟು ಬೆಚ್ಚಗ ಅನಸಾಕತ್ತೈತಿ. ಬಿಸಲಿಗೋ, ಖುಷಿಗೋ ತಿಳೀವಲ್ದು. ಥರ್ಮಾಮೀಟರ್ ತಗೊಂಡ್ ಬಾ."